ಸಮುದ್ರದ ಆಳ ಪರಿಶೀಲಿಸಿ ದ್ವೀಪ ಆಯ್ಕೆ ಮಾಡುವ ಕುರಿತು

ತೂಕ ಮತ್ತು ಅಳತೆ ಪರಿಶೀಲನಾ ಕಚೇರಿ
(ಮೆಟ್ಟಿಲಿನ ಕೆಳಗಿನ ಬಾಗಿಲು. ತಳ್ಳಬೇಕು, ಎಳೆಯಬಾರದು)

ಸಂಖ್ಯೆ: ತೂ.ಅ.ಪ/ಪ್ರವಾಸ/ಮುಳುಗು/1 (ತಿದ್ದುಪಡಿಯ ಮೇಲಿನ ತಿದ್ದುಪಡಿ)
ದಿನಾಂಕ: ಇಂದಿನದು

ಸುತ್ತೋಲೆ

ವಿಷಯ: ಸಿಬ್ಬಂದಿಯ ಸ್ಕೂಬಾ ಡೈವಿಂಗ್ ರಜೆಗಾಗಿ ಉಷ್ಣವಲಯದ ದ್ವೀಪದ ರೆಸಾರ್ಟೊಂದನ್ನು ಆಯ್ಕೆ ಮಾಡುವ ಹಾಗೂ ಅದರ ಸುತ್ತಲಿನ ಸಮುದ್ರವನ್ನು ನಿಯಮಾನುಸಾರ ಪರಿಶೀಲಿಸುವ ಬಗ್ಗೆ.

ಉಲ್ಲೇಖ:
1. ಮುದ್ರೆಯಕ್ಕನವರ ಮೌಖಿಕ ಕೋರಿಕೆ.
2. ಸದರಿ ಕೋರಿಕೆಯ ಮೇಲೆ ಕ್ಯಾಂಟೀನಿನಲ್ಲಿ ಚಹಾ ಆರುವವರೆಗೆ ನಡೆದ ಚರ್ಚೆ.
3. ಕೆಳಗೆ ಸಹಿ ಮಾಡಿದವರ ಸಾಗರಾನುಭವ (ಅಪ್ರಕಟಿತ, ಆದರೆ ಕಚೇರಿಗೆಲ್ಲ ಬಾಯಿಪಾಠ).

ಪ್ರಸ್ತಾವನೆ:

ಅಂಗಡಿಗಳಿಂದ ಬರುವ ತೂಕದ ಬಟ್ಟುಗಳನ್ನು ಎತ್ತಿ, ತೂಗಿ, ಮುದ್ರೆ ಒತ್ತಿ ಕಳಿಸುವ ಕೆಲಸವನ್ನು ಸೇವೆಗೆ ಸೇರಿದ ದಿನದಿಂದ ಮಾಡಿಕೊಂಡು ಬಂದಿರುವ, ಎಲ್ಲರಿಂದಲೂ ‘ಮುದ್ರೆಯಕ್ಕ’ ಎಂದೇ ಕರೆಯಲ್ಪಡುವ ಹಿರಿಯ ನೌಕರರು ಸದ್ಯದಲ್ಲೇ ನಿವೃತ್ತರಾಗುತ್ತಿದ್ದಾರೆ. ನಿವೃತ್ತರಿಗೆ ಗೋಡೆ ಗಡಿಯಾರ ಕೊಡುವುದು ಈ ಕಚೇರಿಯ ಪದ್ಧತಿ. ಆದರೆ ಸದರಿಯವರು, “ಗಡಿಯಾರ ಬೇಡ ಸಾರ್, ಇನ್ಮೇಲೂ ನಂಗೆ ಟೈಮ್ ನೋಡೋ ಕರ್ಮ ಯಾಕೆ? ಸಮುದ್ರದ ತಳ ಒಂದ್ಸಲ ತೋರ್ಸಿ, ಸಾಕು” ಎಂದು ಕೋರಿದ ಮೇರೆಗೆ, ಸಿಬ್ಬಂದಿಯೆಲ್ಲ ಅವರೊಂದಿಗೆ ದ್ವೀಪವೊಂದಕ್ಕೆ ಹೋಗುವುದೆಂದು ತೀರ್ಮಾನಿಸಲಾಗಿದೆ.

ದ್ವೀಪ ಯಾವುದೆಂದು ನಿರ್ಧರಿಸುವ ಅಧಿಕಾರವು ಕೆಳಗೆ ಸಹಿ ಮಾಡಿರುವ ಮುಖ್ಯಸ್ಥರಿಗೆ (ಮುಂದೆ ‘ಸಹಿದಾರರು’ ಎಂದು ಕರೆಯಲಾಗುವುದು) ಸೇರಿದ್ದು. ಸಮುದ್ರದ ವಿಷಯದಲ್ಲಿ ಸಹಿದಾರರಿಗಿಂತ ಹೆಚ್ಚು ತಿಳಿದವರು ಯಾರಾದರೂ ಇದ್ದರೆ ಅದು ಮೀನು ಮಾತ್ರ. ಅದೂ ಎಲ್ಲ ಮೀನುಗಳಲ್ಲ. ಆದ್ದರಿಂದ ಸರ್ವರೂ ತಪ್ಪದೆ ಪಾಲಿಸತಕ್ಕದ್ದೇನೆಂದರೆ:

1. ಸಹಿದಾರರ ಅರ್ಹತೆ

ಯೌವನದಲ್ಲಿ ಸಹಿದಾರರು ಬಂಡೆಯ ಮೇಲಿಂದ ಸಮುದ್ರಕ್ಕೆ ಹಾರಿದಾಗ ಎದ್ದ ಅಲೆಗೆ ಸುತ್ತಲಿನ ಊರುಗಳ ಬಾವಿನೀರು ಇಂದಿಗೂ ಉಪ್ಪುಪ್ಪಾಗಿದೆ. ತಳದಲ್ಲಿ ಎದುರಾದ ತಿಮಿಂಗಿಲವೊಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಒಂದೇ ಉಸಿರಿಗೆ ಎಷ್ಟು ಹೊತ್ತು ಕೆಳಗಿದ್ದರೆಂದರೆ, ಮೇಲೆ ಬರುವಷ್ಟರಲ್ಲಿ ದಡದಲ್ಲಿ ಬಿಚ್ಚಿಟ್ಟಿದ್ದ ಅಂಗಿಯ ಫ್ಯಾಶನ್ ಹಳತಾಗಿತ್ತು. ಸದರಿ ಘಟನೆಗಳಿಗೆ ಸಾಕ್ಷಿ ಕೇಳುವುದನ್ನು ಅಶಿಸ್ತು ಎಂದು ಪರಿಗಣಿಸಲಾಗುವುದು. ಸಾಕ್ಷಿ ತಿಮಿಂಗಿಲ, ಅದು ಈಗ ಎಲ್ಲಿದೆಯೋ.

2. ಪರಿಗಣನೆಗೆ ಬಂದ ದ್ವೀಪಗಳು

(ಅ) ಹವಳದ ಗೋಡೆ ಇರುವ ದ್ವೀಪ. ಮುದ್ರೆಯಕ್ಕನವರ ಆಯ್ಕೆ. ಗೋಡೆಯು ನೀರಿನೊಳಗೆ ಎಲ್ಲಿಗೆ ಹೋಗಿ ಮುಗಿಯುತ್ತದೆಂದು ರೆಸಾರ್ಟಿನವರನ್ನು ಕೇಳಲಾಗಿ, “ನಾವೂ ನೋಡಿಲ್ಲ” ಎಂಬ ಉತ್ತರ ಬಂದಿದೆ. ಈ ಉತ್ತರವನ್ನು ಸಹಿದಾರರು ಕುರ್ಚಿಯಲ್ಲಿ ಕುಳಿತು, ಕುರ್ಚಿಯ ಎರಡೂ ಕೈ ಹಿಡಿದುಕೊಂಡು ಓದಿದ್ದಾರೆ.

(ಆ) ಮರಳಿನ ದಿಬ್ಬದ ದ್ವೀಪ. ಜೀಪಿನ ಡ್ರೈವರ್ ಆಯ್ಕೆ. ಅಲ್ಲಿ ರಸ್ತೆಯೇ ಇಲ್ಲ, ಹಾಗಾಗಿ ತನಗೆ ನಿಜವಾದ ರಜೆ ಸಿಗುತ್ತದೆ ಎಂಬುದು ಅವರ ವಾದ. ಸ್ವಾರ್ಥದ ಕಾರಣ ತಿರಸ್ಕರಿಸಲಾಗಿದೆ.

(ಇ) ಮೂರನೆಯ ದ್ವೀಪ. ಸಹಿದಾರರ ಆಯ್ಕೆ. ಇಲ್ಲಿ ಸಮುದ್ರವನ್ನು ಕಿಟಕಿಯಿಂದ ನೋಡುವ ಉತ್ತಮ ವ್ಯವಸ್ಥೆ ಇದ್ದು, ಮುಳುಗಲು ಊಟದ ಕೋಣೆಯ ಪಕ್ಕದಲ್ಲೇ ಮೊಣಕಾಲುದ್ದದ ಕೊಳವನ್ನು ಒದಗಿಸಲಾಗಿದೆ.

3. ಆಳದ ಪ್ರಮಾಣ

ಈ ಕಚೇರಿಯಲ್ಲಿರುವ ಮುದ್ರೆಯೊತ್ತಿದ ಮೀಟರ್ ಕೋಲಿನಿಂದ ಅಳೆಯಲಾಗದ ಯಾವುದೇ ಆಳವನ್ನು ಆಳವೆಂದು ಒಪ್ಪಲು ನಿಯಮದಲ್ಲಿ ಅವಕಾಶವಿಲ್ಲ. ಅಳೆಯುವಾಗ ಕೋಲು ಹಿಡಿದ ಕೈ ಒದ್ದೆಯಾಗತಕ್ಕದ್ದಲ್ಲ. ಈ ಷರತ್ತಿನಂತೆ ಪರಿಶೀಲಿಸಿದಾಗ ಮೂರನೆಯ ದ್ವೀಪವೊಂದೇ ಅರ್ಹವೆಂದು ಕಂಡುಬಂದಿದ್ದು, ಇದು ಕೇವಲ ಕಾಕತಾಳೀಯ.

ಈ ಹಂತದಲ್ಲಿ ಡ್ರೈವರ್, “ಅಷ್ಟು ನೀರಲ್ಲಿ ಮುಳುಗ್ಬೇಕಂದ್ರೆ ಬೋರಲು ಮಲಗ್ಬೇಕಲ್ಲ ಸಾರ್! ಅದನ್ನ ಮನೇಲೇ ಟಬ್ಬಲ್ಲಿ ಮಾಡ್ಬಹುದು” ಎಂದು ಆಕ್ಷೇಪಿಸಿದ್ದಾರೆ. ಆಕ್ಷೇಪವನ್ನು ದಾಖಲಿಸಿಕೊಂಡು, ಡ್ರೈವರನ್ನು ಜೀಪು ತೊಳೆಯಲು ಕಳಿಸಲಾಗಿದೆ.

4. ಹಿಂದಿನ ಖಂಡಿಕೆಯ ರದ್ದತಿ

ಖಂಡಿಕೆ 3ನ್ನು ಓದಿ ಹೇಳಿದಾಗ ಮುದ್ರೆಯಕ್ಕನವರು ಕೈಯಲ್ಲಿದ್ದ ಬಟ್ಟನ್ನು ಮೇಜಿನ ಮೇಲಿಟ್ಟು ಹೀಗೆಂದಿದ್ದಾರೆ: “ಸಾರ್, ಕೆಲಸಕ್ಕೆ ಸೇರಿದಾಗಿಂದ ಕಬ್ಬಿಣ ಎತ್ತಿ ಎತ್ತಿ ನನ್ನ ಮೊಣಕಾಲು ಎರಡೂ ಹೋದ್ವು. ಮೆಟ್ಟಿಲು ಹತ್ತಿದ್ರೆ ನನ್ನ ತೂಕವೇ ನಂಗೆ ಭಾರ. ನೀರೊಳಗೆ ತೂಕವೇ ಇರಲ್ಲವಂತೆ. ಒಂದ್ಸಲ, ಒಂದೇ ಸಲ, ಹಂಗಿದ್ದು ನೋಡ್ಬೇಕು. ಅದಕ್ಕೆ ಕೇಳಿದ್ದು. ಮೊಣಕಾಲುದ್ದ ನೀರಾದ್ರೆ ಮತ್ತೆ ಮೊಣಕಾಲ ಮೇಲೇ ನಿಂತ್ಕೋಬೇಕಲ್ಲ.”

ತರುವಾಯ ಸಹಿದಾರರು ಮೂಗು ಒರೆಸಿಕೊಂಡಿದ್ದು ಫೈಲಿನ ಧೂಳಿನಿಂದ. ಖಂಡಿಕೆ 3ನ್ನು ರದ್ದುಪಡಿಸಿ, ಹವಳದ ಗೋಡೆಯ ದ್ವೀಪವನ್ನೇ ಆಯ್ಕೆ ಮಾಡಲಾಗಿದೆ ಎಂದು ಈ ಮೂಲಕ ತಿಳಿಯಪಡಿಸಲಾಗಿದೆ. ಅಕ್ಕನವರು ನೀರಿಗಿಳಿಯಲು ಅಡ್ಡಿಯಿಲ್ಲವೆಂದು ವೈದ್ಯರೂ ಬರೆದುಕೊಟ್ಟಿದ್ದಾರೆ. ಸಹಿದಾರರ ವಿಷಯವನ್ನು ವೈದ್ಯರ ಮುಂದೆ ಇಡಲಾಗಿಲ್ಲ.

5. ಸಮುದ್ರದ ಮೇಲಿನ ದೋಷಾರೋಪಗಳು

ಆಯ್ಕೆಯಾದ ಮಾತ್ರಕ್ಕೆ ಸಮುದ್ರವು ಕಾನೂನಿಗಿಂತ ದೊಡ್ಡದಲ್ಲ. ಸದರಿ ಸಮುದ್ರವು ಬೆಳಿಗ್ಗೆ ಒಂದು ಮಟ್ಟ, ಸಂಜೆ ಇನ್ನೊಂದು ಮಟ್ಟ ತೋರಿಸುತ್ತಿದೆಯೆಂದು ತಿಳಿದುಬಂದಿದೆ. ಕಿರಾಣಿ ಅಂಗಡಿಯ ತಕ್ಕಡಿ ಹೀಗೆ ಮಾಡಿದ್ದರೆ ಇಷ್ಟರಲ್ಲಿ ಅದು ನಮ್ಮ ಗೋದಾಮಿನಲ್ಲಿರುತ್ತಿತ್ತು. ರೆಸಾರ್ಟಿಗೆ ನೋಟಿಸು ಕಳಿಸಲಾಗಿ, “ಅದು ಚಂದ್ರನಿಂದ ಆಗೋದು ಸ್ವಾಮಿ” ಎಂದು ಜವಾಬ್ದಾರಿ ಜಾರಿಸಿದ್ದಾರೆ. ಚಂದ್ರನ ವಿಳಾಸವನ್ನು ಒದಗಿಸುವಂತೆ ಮರುಪತ್ರ ಬರೆಯಲಾಗಿದೆ.

ಇದಲ್ಲದೆ, ಡೈವಿಂಗ್ ಮಾಸ್ಕ್ ಹಾಕಿಕೊಂಡು ನೋಡಿದರೆ ನೀರಿನಲ್ಲಿ ಮೀನು ಇರುವುದಕ್ಕಿಂತ ದೊಡ್ಡದಾಗಿ, ಹತ್ತಿರದಲ್ಲಿರುವಂತೆ ಕಾಣುತ್ತದಂತೆ. ಇದ್ದದ್ದನ್ನು ದೊಡ್ಡದು ಮಾಡಿ ತೋರಿಸುವುದು ಗ್ರಾಹಕರಿಗೆ ಮಾಡುವ ಶುದ್ಧ ಮೋಸ. ಅಂಥ ಚಟ ಮೀನಿಗಿರಲಿ, ಮನುಷ್ಯನಿಗಿರಲಿ, ಈ ಕಚೇರಿ ಸಹಿಸುವುದಿಲ್ಲ. (ಇದನ್ನು ಓದುವಾಗ ಗುಮಾಸ್ತರು ಕೆಮ್ಮಿದ್ದರ ಕಾರಣವನ್ನು ವಿವರಿಸಲು ಸೂಚಿಸಲಾಗಿದೆ.) ಮೀನುಗಳು ತಮ್ಮ ನಿಜವಾದ ಅಳತೆಯನ್ನು ಎಡಬದಿಯಲ್ಲಿ ಸ್ಪಷ್ಟವಾಗಿ ಪ್ರದರ್ಶಿಸತಕ್ಕದ್ದು.

6. ಸೀಸದ ಬೆಲ್ಟು

ನೀರಿನಲ್ಲಿ ತೇಲಿಬಿಡದಿರಲು ಸೊಂಟಕ್ಕೆ ಸೀಸದ ಗುಂಡುಗಳ ಬೆಲ್ಟು ಕಟ್ಟುತ್ತಾರೆ. ಮುದ್ರೆಯಿಲ್ಲದ ಗುಂಡು ಕಟ್ಟಿಕೊಂಡು ಮುಳುಗುವುದು ಅಕ್ರಮ ಮುಳುಗಡೆ. ಗುಂಡುಗಳಿಗೆ ಮುದ್ರೆ ಒತ್ತಲು ಸುತ್ತಿಗೆ ತೆಗೆದುಕೊಂಡು ಬರುವಂತೆ ಮುದ್ರೆಯಕ್ಕನವರಿಗೆ ಸೂಚಿಸಲಾಗಿ, “ಸುತ್ತಿಗೆ ಇಲ್ಲೇ ಇಟ್ಟು ಹೋಗಕ್ಕೇ ಅಲ್ವಾ ನಾನು ಅಲ್ಲಿಗೆ ಹೋಗ್ತಿರೋದು?” ಎಂದು ಅವರು ಕೇಳಿದ್ದರಿಂದ ಸೂಚನೆಯನ್ನು ಹಿಂಪಡೆಯಲಾಗಿದೆ.

7. ಕೈಸನ್ನೆ

ನೀರಿನೊಳಗೆ ಹೆಬ್ಬೆರಳು ಎತ್ತಿದರೆ ‘ಮೇಲಕ್ಕೆ ಹೋಗೋಣ’ ಎಂದರ್ಥ. ನಮ್ಮಲ್ಲಿ ಫೈಲು ಒಪ್ಪಿಗೆಯಾದಾಗಲೆಲ್ಲ ಹೆಬ್ಬೆರಳು ಎತ್ತುವ ರೂಢಿಯಿದ್ದು, ಖುಷಿಯಾದವರೆಲ್ಲ ತಕ್ಷಣ ಮೇಲೆ ಸಾಗಿಸಲ್ಪಡುವ ಅಪಾಯವಿದೆ. ಆದ್ದರಿಂದ ಖುಷಿಯನ್ನು ದೋಣಿಗೆ ಮರಳಿದ ನಂತರವೇ ಪಡತಕ್ಕದ್ದು.

8. ಜೋಡಿಯ ನೇಮಕ

ಡೈವಿಂಗ್ ಕಲಿಸುವ ಗುರುಗಳು ಜೊತೆಗಿದ್ದರೂ ಯಾರನ್ನೂ ಒಂಟಿಯಾಗಿ ಇಳಿಸುವುದಿಲ್ಲ, ಜೋಡಿಯಾಗಿಯೇ ಇಳಿಯಬೇಕು ಎಂದು ಡೈವಿಂಗ್ ಶಾಲೆಯವರು ತಿಳಿಸಿದ್ದಾರೆ. ಅಪಾಯವಿರುವ ಸ್ಥಳದ ಪರಿಶೀಲನೆಗೆ ಕಚೇರಿಯಲ್ಲೇ ಅತ್ಯಂತ ಅನುಭವಸ್ಥರು ಜೊತೆಗಿರಬೇಕು ಎಂಬ ನಿಯಮವನ್ನು ಸಹಿದಾರರೇ ಹಿಂದೊಮ್ಮೆ ಹೊರಡಿಸಿದ್ದಾರೆ. ಎರಡನ್ನೂ ಕೂಡಿಸಿ, ಉಲ್ಲೇಖ 3ನ್ನೂ ಖಂಡಿಕೆ 1ನ್ನೂ ಓದಿದ ಸಿಬ್ಬಂದಿಯು, ಅಕ್ಕನವರ ಜೋಡಿ ಸಹಿದಾರರೇ ಎಂದು ಒಕ್ಕೊರಲಿನಿಂದ ನಿರ್ಣಯಿಸಿದೆ. “ತಿಮಿಂಗಿಲವೇ ದಾರಿ ಬಿಟ್ಟಿದೆ, ಇನ್ನು ಹವಳದ ಗೋಡೆ ಯಾವ ಲೆಕ್ಕ ಸಾರ್!” ಎಂದು ಡ್ರೈವರ್ ಜೀಪು ತೊಳೆಯುವುದನ್ನು ಬಿಟ್ಟು ಬಂದು ಹೇಳಿದ್ದಾರೆ.

ಸಹಿದಾರರು ತಮ್ಮ ಕಿವಿ ಸರಿಯಿಲ್ಲವೆಂದು ವಿನಾಯಿತಿ ಕೋರಿದ್ದರು. ಈ ಬಗ್ಗೆ ಅವರ ಶ್ರೀಮತಿಯವರಿಂದ ಫೋನಿನಲ್ಲಿ ವರದಿ ತರಿಸಿಕೊಳ್ಳಲಾಯಿತು: “ಇವ್ರ ಕಿವಿಗೇನಾಗಿದೆ? ಪಕ್ಕದ ಮನೇಲಿ ಕುಕ್ಕರ್ ಕೂಗಿದ್ರೂ ಕೇಳ್ಸತ್ತೆ. ಆದ್ರೆ ಒಂದ್ಮಾತು. ಈ ಮನುಷ್ಯ ಸ್ನಾನ ಮಾಡೋವಾಗ ತಲೆ ಮೇಲೆ ನೀರು ಹುಯ್ಕೊಳ್ಳೋಕೂ ಕಣ್ಮುಚ್ಚಿ ಗೋಡೆ ಹಿಡ್ಕೋತಾರೆ. ಅಕ್ಕನ್ನ ಸ್ವಲ್ಪ ಜೋಪಾನವಾಗಿ ಇರಕ್ಕೆ ಹೇಳಿ.”

ವರದಿಯ ಮೊದಲ ಭಾಗವನ್ನು ಅಂಗೀಕರಿಸಲಾಗಿದೆ. ಎರಡನೆಯ ಭಾಗವು ಲೌಡ್ ಸ್ಪೀಕರಿನಲ್ಲಿ ಎಲ್ಲರಿಗೂ ಕೇಳಿಸಿರುವುದರಿಂದ ಗೌಪ್ಯವೆಂದು ಘೋಷಿಸಲಾಗಿದೆ. ಕೇಳಿದ ಅಕ್ಕನವರು, “ಬೇಡ ಬಿಡಿ ಸಾರ್, ನಿಮಗ್ಯಾಕೆ ಕಷ್ಟ, ಗಡಿಯಾರಾನೇ ಕೊಡಿ” ಎಂದಿದ್ದಾರೆ. ಅದನ್ನು ಅವರು ವ್ಯಂಗ್ಯವಾಗಿ ಹೇಳಿದ್ದಲ್ಲ ಎಂಬುದು ಸಹಿದಾರರಿಗೆ ಸರಿಯಾಗಿಯೇ ಕೇಳಿಸಿದೆ. ಅಕ್ಕನವರ ಈ ಹೊಸ ಕೋರಿಕೆಯನ್ನು ತಿರಸ್ಕರಿಸಲಾಗಿದೆ. ಈ ಕಚೇರಿಯಲ್ಲಿ ಗಡಿಯಾರಗಳ ದಾಸ್ತಾನು ಇಲ್ಲ.

9. ಈಜುಕೊಳದ ಪರಿಶೀಲನೆ

ಸಹಿದಾರರು ಪ್ರತಿದಿನ ಕಚೇರಿಗೆ ಬರುವ ಮೊದಲು ಸಾರ್ವಜನಿಕ ಈಜುಕೊಳವೊಂದರ ಪರಿಶೀಲನೆಯಲ್ಲಿ ತೊಡಗಿರುತ್ತಾರೆ. ಅವರು ಕೊಳದ ಅಂಚಿನ ಪೈಪನ್ನು ಹಿಡಿದಿರುವುದು ಪೈಪಿನ ಬಲ ಪರೀಕ್ಷಿಸಲು. ಎದೆಗೆ ಅವುಚಿಕೊಂಡಿರುವ ತೇಲುಹಲಗೆಯು ಮಾದರಿ ಸಂಗ್ರಹ. ಕುಡಿಯುತ್ತಿರುವ ನೀರು ಕೂಡ ಮಾದರಿಯೇ. ಈಗಾಗಲೇ ಸಾಕಷ್ಟು ಸಂಗ್ರಹವಾಗಿದೆ. ಅಲ್ಲಿನ ಈಜು ಟೀಚರಮ್ಮ ಕೊಳದಾಚೆಯಿಂದ, “ಕೈ ಬಿಡಿ ಸಾರ್, ಕೈ ಬಿಡಿ! ಹಿಡ್ಕೊಂಡಷ್ಟೂ ಮುಳುಗ್ತೀರಿ, ಬಿಟ್ರೆ ನೀರೇ ಹಿಡ್ಕೊಳ್ಳತ್ತೆ!” ಎಂದು ಕೂಗುವುದು ಸಾರ್ವಜನಿಕರಿಗೆ ನೀಡುವ ಸಾಮಾನ್ಯ ತಿಳಿವಳಿಕೆಯಾಗಿದ್ದು, ಯಾರೊಬ್ಬರನ್ನೂ ಉದ್ದೇಶಿಸಿದ್ದಲ್ಲ.

ನಿನ್ನೆಯ ಪರಿಶೀಲನೆಯಲ್ಲಿ ಪೈಪನ್ನು ಬಿಡಲಾಯಿತು. ಸಹಿದಾರರು ಒಂದು ದಡದಿಂದ ಇನ್ನೊಂದು ದಡಕ್ಕೆ, ಅಡ್ಡಗಲವಾಗಿ, ಈಜಿದರು. ಮಹಾಸಾಗರಗಳನ್ನು ದಾಟಿದವರ ಸಾಲಿನಲ್ಲಿ ಇದನ್ನು ಎಲ್ಲಿ ಸೇರಿಸಬೇಕೆಂಬುದು ಪರಿಶೀಲನೆಯಲ್ಲಿದೆ.

ಮೇಲ್ಕಂಡ ಕಾರಣಗಳಿಂದ ಪ್ರವಾಸವು ನಿಗದಿಯಂತೆ ನಡೆಯತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ.

(ಸಹಿ, ಶಾಯಿ ನೀರು ತಾಗಿ ಸ್ವಲ್ಪ ಹರಡಿದೆ)
ಕಚೇರಿ ಮುಖ್ಯಸ್ಥರು
ತೂಕ ಮತ್ತು ಅಳತೆ ಪರಿಶೀಲನಾ ಕಚೇರಿ

ಪ್ರತಿಗಳು:
1. ಹವಳದ ಗೋಡೆಯ ರೆಸಾರ್ಟಿಗೆ, ಗೋಡೆ ಎಲ್ಲಿ ಮುಗಿಯುತ್ತದೆಂದು ಇನ್ನು ಮುಂದೆ ತಿಳಿಸುವ ಅಗತ್ಯವಿಲ್ಲ ಎಂಬ ಸೂಚನೆಯೊಂದಿಗೆ.
2. ಜೀಪಿನ ಡ್ರೈವರಿಗೆ, ಬಾಯಿ ಮುಚ್ಚಿಕೊಂಡು ಪಾಲಿಸಲು.
3. ಗುಮಾಸ್ತರಿಗೆ, ಕೆಮ್ಮು ವಾಸಿಯಾದ ನಂತರ ಓದಲು.
4. ಸಹಿದಾರರ ಶ್ರೀಮತಿಯವರಿಗೆ, ಮಾಹಿತಿಗಾಗಿ. (ಅವರಿಗೆ ಮೊದಲೇ ಗೊತ್ತಿದೆ.)
5. ಈಜು ಟೀಚರಮ್ಮನವರಿಗೆ, ವಂದನೆಗಳೊಂದಿಗೆ.
6. ಮುದ್ರೆಯಕ್ಕನವರಿಗೆ, ಕೆಳಗಿಳಿದ ಮೇಲೆ ಜೋಡಿಯವರ ಕೈಯನ್ನು ದಯವಿಟ್ಟು ಬಿಡಬಾರದಾಗಿ. (ಇದು ಆದೇಶವಲ್ಲ, ಕೋರಿಕೆ.)