ಅತ್ತೆ ಓದಿದ ಕಂಬಳಿ

ಹತ್ತಾರು ಮಹಡಿಯ ಕಟ್ಟಡದಲ್ಲಿ ಕೆಟ್ಟು ನಿಂತ ಲಿಫ್ಟನ್ನೇ ಹದ್ದುಬಸ್ತಿಗೆ ತರುವ ನನಗೆ ಒಂದು ಉಲ್ಲನ್ ಉಂಡೆ ಯಾವ ಲೆಕ್ಕ? ನಾನು ಲಿಫ್ಟ್ ಮೆಕ್ಯಾನಿಕ್. ಊರಿನ ಅರ್ಧ ಜನ ನಾನು ಬಿಗಿದ ನಟ್ಟುಗಳನ್ನು ನಂಬಿ ಮೇಲೆ ಹೋಗುತ್ತಾರೆ, ಜೀವಂತವಾಗಿ ಕೆಳಗೂ ಬರುತ್ತಾರೆ! ಹೀಗಾಗಿ, ಹುಟ್ಟಲಿರುವ ನನ್ನ ಮಗುವಿನ ಮೊದಲ ಕಂಬಳಿಯನ್ನು ನಾನೇ ಹೆಣೆಯುತ್ತೇನೆಂದು ಊಟಕ್ಕೆ ಕೂತಾಗ ಘೋಷಿಸಿಬಿಟ್ಟೆ.

"ರೀ, ಅಂಗಿ ಗುಂಡಿ ಹೊಲಿಯೋಕೂ ನನ್ನನ್ನೇ ಕರೀತೀರಿ," ಎಂದಳು ಹೆಂಡತಿ.

ಅಷ್ಟಕ್ಕೇ ಮುಗಿದಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ಮಗಳ ಹೆರಿಗೆಗೆಂದು ಬಂದಿಳಿದಿದ್ದ ಅತ್ತೆಯ ಕಿವಿಗೆ ಅದು ಬಿತ್ತು. ಅತ್ತೆ ಪರೀಕ್ಷೆ ಕೊಠಡಿಗಳಲ್ಲಿ ಮಕ್ಕಳ ಬೆನ್ನ ಹಿಂದೆ ನಿಂತು ನಿಂತೇ ನಿವೃತ್ತರಾದ ಟೀಚರು. ಅವರು ಹತ್ತಿರ ಬಂದರೆ ಸರಿ ಉತ್ತರ ಬರೆದವನೂ ಹೆದರಿ ಅಳಿಸಿಬಿಡುತ್ತಿದ್ದನಂತೆ.

"ಅಳಿಯಂದ್ರೇ, ಮಗು ಮನೆಗೆ ಬರೋ ಹೊತ್ತಿಗೆ ನೀವು ಕಂಬಳಿ ಮುಗಿಸಿ ಅದನ್ನೇ ಹೊದಿಸಿದ್ರೆ, ನಿಮಗೆ ಮಗು ಸಾಕೋ ತಾಳ್ಮೆ ಇದೆ ಅಂತ ನಂಬಿ ನಾನು ಆ ವಾರವೇ ಹೊರಡ್ತೀನಿ. ಇಲ್ಲಾಂದ್ರೆ ಮಗು ಶಾಲೆಗೆ ಸೇರೋವರೆಗೂ ಇಲ್ಲೇ ಇರ್ತೀನಿ," ಎಂದು ಕಡ್ಡಿ ಮುರಿದಂತೆ ಹೇಳಿದರು.

ಶಾಲೆಗೆ ಸೇರುವವರೆಗೆ! ಅತ್ತೆ ಕೆಟ್ಟವರಲ್ಲ. ಆದರೆ ಅವರು ಮನೆಯಲ್ಲಿದ್ದರೆ ನಾನು ನನ್ನದೇ ಕುರ್ಚಿಯ ತುದಿಯಲ್ಲಿ ಕೂರುತ್ತೇನೆ, ಟೀವಿಯನ್ನು ಸದ್ದಿಲ್ಲದೆ ನೋಡುತ್ತೇನೆ, ಸೀನು ಬಂದರೆ ಬಾಲ್ಕನಿಗೆ ಓಡುತ್ತೇನೆ.

ಹೆಂಡತಿ ಹೇಳಿಕೊಟ್ಟಂತೆ ಮೊದಲ ಸಾಲುಗಳನ್ನು ಹೆಣೆಯುವಾಗ ಅತ್ತೆ ಪಕ್ಕದಲ್ಲೇ ಕೂತರು. ಮಾತಿಲ್ಲ ಕತೆಯಿಲ್ಲ, ಕನ್ನಡಕದ ಮೇಲಿಂದ ಬರೀ ನೋಟ. ನನ್ನ ಕೈ ತಾನಾಗಿಯೇ ನಟ್ಟು ಬಿಗಿಯುವ ಪಟ್ಟು ಹಿಡಿಯಿತು. ಕುಣಿಕೆಗಳು ಎಷ್ಟು ಬಿಗಿದುಕೊಂಡವೆಂದರೆ ಹೆಣಿಗೆ ಕಡ್ಡಿಯನ್ನು ಹೊರಗೆಳೆಯಲು ಇಕ್ಕಳ ತರಬೇಕಾಯಿತು.

"ಸ್ವಲ್ಪ ಸಡಿಲ ಬಿಡ್ರೀ," ಎಂದಳು ಹೆಂಡತಿ.

"ಸಡಿಲ ಬಿಟ್ರೆ ಲಿಫ್ಟ್ ಬೀಳುತ್ತೆ ಕಣೇ."

"ಇದು ಕಂಬಳಿ. ಬಿದ್ರೂ ಯಾರೂ ಸಾಯಲ್ಲ."

ಅಷ್ಟರಲ್ಲಿ ಅತ್ತೆ ನಾಲ್ಕು ದಿನಕ್ಕೆಂದು ದೊಡ್ಡ ಮಗಳ ಮನೆಗೆ ಹೋದರು. ಆಹಾ, ಆ ದಿನಗಳ ಸುಖವೇ ಸುಖ! ಕಾಲು ಚಾಚಿ, ಟೀವಿ ಜೋರಾಗಿ ಹಾಕಿ, ಮನಸಾರೆ ಸೀನುತ್ತ ಹೆಣೆದೆ. ಕಂಬಳಿ ಸರಸರನೆ ಬೆಳೆಯಿತು. ಆಮೇಲೆ ಅತ್ತೆ ವಾಪಸ್ ಬಂದು ಬಾಗಿಲಲ್ಲಿ ಚಪ್ಪಲಿ ಬಿಟ್ಟ ಸದ್ದಿಗೇ ಕೈ ಮತ್ತೆ ಬಿಗಿಯಿತು.

ಒಂದು ಗೇಣು ಬಾಕಿ ಇರುವಾಗ ಹೆಂಡತಿಗೆ ನೋವು ಶುರುವಾಯಿತು. ಅವಳು ಹೆರಿಗೆ ಕೋಣೆಯ ಒಳಗೆ, ನಾನು ಹೊರಗೆ ಬೆಂಚಿನ ಮೇಲೆ, ಪಕ್ಕದಲ್ಲಿ ಅತ್ತೆ. ಬಾಗಿಲು ಅಲುಗಾಡಿದಾಗಲೆಲ್ಲ ಎದ್ದೆ, ಮತ್ತೆ ಕೂತು ಹೆಣೆದೆ. ಸುಳ್ಳೇಕೆ ಹೇಳಲಿ, ನನಗೆ ವಿಪರೀತ ಭಯವಾಗಿತ್ತು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ನರ್ಸ್ ಹೊರಗೆ ಬಂದು, "ಹೆಣ್ಣು ಮಗು, ಇಬ್ಬರೂ ಆರಾಮಾಗಿದ್ದಾರೆ," ಎಂದಳು. ಕಣ್ಣು ಮಂಜಾಗಿದ್ದರೂ ಉಳಿದ ಕುಣಿಕೆಗಳನ್ನು ಮುಗಿಸಿ, ನೂಲನ್ನು ಹಲ್ಲಿನಲ್ಲೇ ಕಡಿದೆ. ಗೆದ್ದೆ!

ಮಗು ಮನೆಗೆ ಬಂತು. ನಾನು ಮಹಾರಾಜನ ಠೀವಿಯಿಂದ ಕಂಬಳಿಯನ್ನು ಹಾಸಿಗೆಯ ಮೇಲೆ ಬಿಡಿಸಿದೆ. ಎರಡು ತುದಿಯೂ ಬಿಗಿದು ಕಿರಿದು, ನಡು ಮಾತ್ರ ಸಡಿಲಾಗಿ ಅಗಲ. ಥೇಟ್ ಇಲಿ ನುಂಗಿದ ಹಾವು. ಅತ್ತೆ ಕನ್ನಡಕ ಏರಿಸಿ, ಉತ್ತರಪತ್ರಿಕೆ ತಿದ್ದುವವರಂತೆ ಅದರ ಮೇಲೆ ಬೆರಳಾಡಿಸಿದರು.

"ಈ ತುದಿ, ನಾನು ಪಕ್ಕದಲ್ಲಿ ಕೂತಿದ್ದಾಗಿನದು." ಬೆರಳು ಮುಂದೆ ಸರಿಯಿತು. "ಈ ಹೊಟ್ಟೆ, ನಾನು ದೊಡ್ಡವಳ ಮನೇಲಿದ್ದಾಗಿನದು. ಆ ತುದಿ, ನಾನು ವಾಪಸ್ ಬಂದ ಮೇಲಿನದು. ಅಲ್ವಾ ಅಳಿಯಂದ್ರೇ?"

ಹೆಂಡತಿ ಗೋಡೆ ನೋಡಿದಳು. ನಾನು ಆ ಹೊಟ್ಟೆಯ ಅಂಚನ್ನು ಮೆಲ್ಲಗೆ ಒಳಗೆ ಮಡಚಿದೆ.

"ಇರಲಿ, ಮಾತು ಮಾತೇ. ಹೊರಡ್ತೀನಿ. ಮೊದಲು ಹೊದಿಸಿ," ಎಂದರು ಅತ್ತೆ.

ಹೊದಿಸಿದೆ. ಮಗು ಒಮ್ಮೆ ಮೈಮುರಿದು, ಜಾಡಿಸಿ ಒದೆಯಿತು. ನಡುಭಾಗದ ಸಡಿಲ ಕುಣಿಕೆಯೊಂದರಿಂದ ಪುಟ್ಟ ಪಾದ ಪೂರ್ತಿ ಹೊರಗೆ ಬಂತು. ಅತ್ತೆ ಆ ಪಾದವನ್ನು ಅಂಗೈಯಲ್ಲಿ ಮುಚ್ಚಿಕೊಂಡು, ನನ್ನ ಕಡೆ ತಿರುಗದೆಯೇ ಹೇಳಿದರು:

"ನಾನಿದ್ದ ಕಡೆಯೆಲ್ಲ ಗಟ್ಟಿಯಾಗಿದೆ. ನಾನಿಲ್ಲದ ಕಡೆ ಮಗು ಕಾಲು ಆಚೆ ಬಂತು. ಹೋಗಿ, ನನ್ನ ಸೂಟ್‌ಕೇಸ್ ಅಟ್ಟದ ಮೇಲಿಡಿ."