ಗಿರಣಿ ಮನೆಯನ್ನು ಎರಡು ಮಾಡಿದ ಮೀನು

ಸಂಜೆಯೊಳಗೆ ಅತ್ತೆಯನ್ನು ಕರೆದುಕೊಂಡು ಬರದಿದ್ದರೆ ನನ್ನ ಹೆಸರು ಅಮರಮ್ಮನೇ ಅಲ್ಲ ಎಂದು ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಗಂಡನಿಗೆ ಸಾರಿದೆ. ಅಮರಮ್ಮ ಎಂದರೆ ಯಾರು? ಮೂರು ತಲೆಮಾರಿನ ಬದುವಿನ ಜಗಳವನ್ನು ಒಂದು ಬಟ್ಟಲು ಚಹಾದಲ್ಲಿ ಮುಗಿಸಿದವಳು. ಹಾಲಿನವಳ ಚೊಂಬಿಗೆ ನೀರು ಬೀಳದಂತೆ ಮಾಡಿದವಳು. ಮುನಿಸಿಕೊಂಡು ಮಗಳ ಮನೆ ಸೇರಿದ ಒಬ್ಬ ಮುದುಕಿಯನ್ನು ಲಿಂಗಸುಗೂರಿನಿಂದ ತರುವುದು ನನಗೊಂದು ಕೆಲಸವೇ!

ನಮ್ಮವರು ಮಾತ್ರ ಕೈಚೀಲ ಕೊಡುತ್ತ, "ಎರಡು ರೊಟ್ಟಿ ಕಟ್ಟಿಗೊಂಡೀ ಇಲ್ಲೋ? ಅವ್ವ ಊಟಕ್ಕೂ ಕರೀಲಿಕ್ಕಿಲ್ಲ" ಎಂದರು.

ಅತ್ತೆ ಯಮನೂರಮ್ಮ ಮುನಿದದ್ದು ಸೊಸೆಯ ಮೇಲಲ್ಲ. ಹಾಗಾಗಿದ್ದರೆ ಊರಿಗೆ ಅರ್ಥವಾಗುತ್ತಿತ್ತು, ನನಗೂ ಮರ್ಯಾದೆ ಇರುತ್ತಿತ್ತು. ಅವರು ಮುನಿದದ್ದು ಒಂದು ಮೀನಿನ ಸಲುವಾಗಿ. ಅದೂ ನಮ್ಮ ಕಾಲುವೆಯ ಮೀನಲ್ಲ, ಕತೆಯೊಳಗಿನ ಮೀನು.

ತೊಂಬತ್ತರ ಆಚೀಚಿನ ಮಾತು. ನಮ್ಮದು ಹಿಟ್ಟಿನ ಗಿರಣಿ. ಗುರುವಾರ ಸಂಜೆಯ ಬಸ್ಸಿಗೆ ವಾರಪತ್ರಿಕೆ ಬರುತ್ತಿತ್ತು. ಬಂದ ಕೂಡಲೇ ನಮ್ಮವರು, ವಿರೂಪಾಕ್ಷಪ್ಪನವರು, ಪಟ್ಟಾ ಬಿಚ್ಚಿ ಮೋಟಾರು ಬಂದ್ ಮಾಡಿ, ಹುಬ್ಬಿಗೆ ಹತ್ತಿದ ಹಿಟ್ಟು ಹಾಗೇ ಇಟ್ಟುಕೊಂಡು ಕಟ್ಟೆಯ ಮೇಲೆ ಓದಲು ಕೂರುವರು. ಗಿರಣಿ ಸದ್ದಿಗೆ ಅವರ ಕಿವಿ ಅರ್ಧ ಹೋಗಿತ್ತು. ಆದ್ದರಿಂದ ಊರೆಲ್ಲ ಕಿವುಡು ಎಂದೇ ಅವರ ನಂಬಿಕೆ. ಅವರು ಓದಿದರೆ ಆಚೆ ಓಣಿಯ ಹಾಜಿರಾಬೀ ತನ್ನ ಒಲೆಯ ಮುಂದೆ ಕೂತೇ ಕೇಳಬಹುದಿತ್ತು. ಓದುವುದೆಂದರೆ ಮೇಲಿನ ತಾರೀಖಿನಿಂದ ಹಿಡಿದು ಕೆಳಗಿನ ಹಲ್ಲುಪುಡಿಯ ಜಾಹೀರಾತಿನವರೆಗೆ. ಅಚ್ಚಾದ ಒಂದು ಅಕ್ಷರ ಬಿಡುವುದೂ ಗಿರಾಕಿಯ ಡಬ್ಬಿಯಲ್ಲಿ ಒಂದು ಹಿಡಿ ಹಿಟ್ಟು ಕದ್ದ ಹಾಗೆ ಎನ್ನುವ ಮನುಷ್ಯ.

ಈಗ ನಮ್ಮ ಮನೆಯಲ್ಲಿ ಎಲ್ಲರೂ ಮೆಲ್ಲಗೆ ಮಾತಾಡುತ್ತಾರೆ. ಒಳ್ಳೆಯ ಮಕ್ಕಳು, ನನಗೆ ತ್ರಾಸವಾಗಬಾರದೆಂದು. ನನಗೋ, ಯಾರಾದರೂ ಆಚೆ ಓಣಿಗೆ ಕೇಳುವಂತೆ ಒಂದು ಹಲ್ಲುಪುಡಿಯ ಜಾಹೀರಾತು ಓದಬಾರದೇ ಅನಿಸುತ್ತದೆ.

ಆ ವರ್ಷ ಧಾರಾವಾಹಿಯಾಗಿ ಬರುತ್ತಿದ್ದ ಕಾದಂಬರಿಯಲ್ಲಿ ಒಂದು ಶಾರ್ಕ್ ಮೀನು. ಮನುಷ್ಯ ಹುಟ್ಟುವುದಕ್ಕೂ ಮೊದಲಿನದು, ಉದ್ದ ನಮ್ಮ ಓಣಿಯಷ್ಟು. ಅದು ಸತ್ತು ಲಕ್ಷಗಟ್ಟಲೆ ವರ್ಷವಾಯಿತೆಂದು ಓದಿದವರೆಲ್ಲ ಹೇಳಿ ಕೈತೊಳೆದುಕೊಂಡಿದ್ದರು. ಅದು ಮಾತ್ರ ಸಮುದ್ರದ ತಳದ ಕತ್ತಲೆಯಲ್ಲಿ ತನ್ನ ಪಾಡಿಗೆ ತಾನು ಬದುಕಿತ್ತು. ಎಣ್ಣೆ ಬೇಕೆಂದು ಜನ ತಳಕ್ಕೆ ಬೋರು ಹೊಡೆದರು. ಮೀನು ಮೇಲೆದ್ದು ಬಂದು ಹಡಗು ಕಚ್ಚಿತು. ಅದನ್ನು ಕೊಂದೇ ತೀರುತ್ತೇನೆಂದು ಒಬ್ಬ ಕ್ಯಾಪ್ಟನ್ ಹಟ ತೊಟ್ಟ.

ಗಿರಣಿಗೆ ಬರುವವರಲ್ಲಿ ಸಮುದ್ರ ಕಂಡವರು ಒಬ್ಬರೂ ಇರಲಿಲ್ಲ. ಅಭಿಪ್ರಾಯ ಮಾತ್ರ ಎಲ್ಲರಿಗೂ ಇತ್ತು.

"ಎಷ್ಟು ಹೆಣ್ಮಕ್ಕಳ ಬಳಿ ಒಡಿಸೈತಿ ಅದು. ಹೊಡದು ಹಾಕಬೇಕು" ಎಂದಳು ಹಾಜಿರಾಬೀ.

ಕುರಿ ಕಾಯುವ ಮುದುಕಪ್ಪ ಒಪ್ಪಲಿಲ್ಲ. "ನನ್ನ ಹಟ್ಯಾಗ ಯಾವನರ ಬಂದು ಬೋರು ಹೊಡದ್ರ ನಾ ಸುಮ್ಮಕಿರತೀನೇನು?"

"ಹಂಗಂತ ಹಡಗು ತಿಂತೀ ಏನು ನೀ?"

"ಹಲ್ಲಿದ್ರ ತಿಂತಿದ್ದೆ."

ವಾರ ಕಳೆದಂತೆ ಗಿರಣಿಯ ಪಾಳಿಯೇ ಎರಡಾಯಿತು. ಮೀನಿನ ಕಡೆಯವರ ಡಬ್ಬಿಗಳು ಬಾಗಿಲಿನ ಈ ಮಗ್ಗುಲು, ಹಡಗಿನ ಕಡೆಯವರವು ಆ ಮಗ್ಗುಲು. ಮೀನಿನ ಜೋಳ ಬೀಸಿದ ಕಲ್ಲಿನಲ್ಲಿ ಹಡಗಿನ ಗೋಧಿ ಹಾಕಿಸಿಕೊಳ್ಳಲು ಕೆಲವರು ಹಿಂದೆ ಮುಂದೆ ನೋಡಿದರು. ಹಡಗಿನ ಸೇನಾಧಿಪತಿ ನನ್ನ ಗಂಡ. ಮೀನಿನ ಸೇನಾಧಿಪತಿ ನನ್ನ ಅತ್ತೆ. ಎರಡೂ ಸೈನ್ಯಕ್ಕೆ ರೊಟ್ಟಿ ಬಡಿಯುವವಳು ನಾನು.

ಒಂದು ಭಾನುವಾರ ನಮ್ಮವರು ತುರ್ವಿಹಾಳದ ಕಡೆಯಿಂದ ಕಾಲುವೆಯ ಮೀನು ತಂದರು. ನಾನು ಹುಣಸೆಹಣ್ಣು ಹಾಕಿ ಸಾರು ಮಾಡಿದೆ. ಅತ್ತೆ ತಾಟು ದೂಡಿದರು.

"ಯಾಕಬೇ ಅವ್ವಾ? ಅದು ಪೇಪರಿನ ಮೀನು, ಇದು ಕಾಲುವಿ ಮೀನು."

"ಎರಡೂ ನೀರಾಗ ಹುಟ್ಯಾವು."

"ಹಂಗಾರ ಸಾರಿಗೆ ನೀರೂ ಹಾಕಬಾರದು."

ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ನಮ್ಮವರು ಗಿರಣಿಯ ಧ್ವನಿಯಲ್ಲಿ ನ್ಯಾಯ ಹೇಳಲು ಹೊರಟರು. "ನೋಡಬೇ, ಅದರ ಕಾಲ ಮುಗದೈತಿ. ಕಾಲ ಮುಗದ ಮ್ಯಾಲೆ ತಳದಾಗ ಸುಮ್ಮಕ ಬಿದ್ದಿರಬೇಕು. ಮ್ಯಾಲೆ ಬಂದು ಮಂದಿಗೆ ತ್ರಾಸ ಕೊಡಬಾರದು."

ಅವರು ಹೇಳಿದ್ದು ಮೀನಿಗೇ. ಆದರೆ ಸುಗ್ಗಿಯ ಜೋಳದ ಚೀಲ ಇಡಲು ಜಾಗ ಸಾಲದೆ, ಅತ್ತೆ ಮಲಗುವ ಹೊರಸನ್ನು ನಡುಮನೆಯಿಂದ ಹಿತ್ತಲ ತಗಡಿನ ಕೋಣೆಗೆ ಹಾಕಿದ್ದೂ ಅದೇ ವಾರ. ಅತ್ತೆ ಮಗನ ಮುಖವನ್ನೇ ನೋಡಿದರು.

"ತ್ರಾಸ ಆಗೈತಿ ಅಂದೀ?"

"ಹೂಂ ಮತ್ತ."

ಅತ್ತೆ ಕೈ ತೊಳೆದರು. ಮರುದಿನ ಬೆಳಿಗ್ಗೆ ಗಂಟು ಕಟ್ಟಿಕೊಂಡು ಮಗಳು ಪೀರಮ್ಮನ ಮನೆಗೆ, ಲಿಂಗಸುಗೂರಿಗೆ, ಹೊರಟೇಹೋದರು. ತಾನು ಏನು ಅಂದೆ ಎಂಬುದು ನಮ್ಮವರಿಗೆ ಹೊಳೆದದ್ದು ಬಸ್ಸು ಹೋದ ಮೇಲೆ.

ಆಮೇಲಿನ ಗುರುವಾರಗಳಲ್ಲಿ ರುಚಿಯೇ ಇರಲಿಲ್ಲ. ಹಡಗಿಗೆ ಗೆಲುವಾಗುವ ಕಡೆ ನಮ್ಮವರು ಓದು ನಿಲ್ಲಿಸಿ, ಅತ್ತೆ ಒರಗಿ ಕೂರುತ್ತಿದ್ದ ಕಂಬದ ಕಡೆ ನೋಡುವರು. ಅಲ್ಲಿಂದ "ಆ ಕ್ಯಾಪ್ಟನ್ನಗ ಹೆತ್ತಾಕಿ ಇಲ್ಲೇನು?" ಎಂಬ ಬೈಗುಳ ಬರಬೇಕಿತ್ತು. ಬರುತ್ತಿರಲಿಲ್ಲ. ಮತ್ತೆ ಕೆಮ್ಮಿ ಓದುವರು. ಬೈಯುವವರು ಇಲ್ಲದ ಮನೆ ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂದು ಆಗ ಸ್ವಲ್ಪ ತಿಳಿಯಿತು. ಪೂರ್ತಿ ತಿಳಿದದ್ದು ಬಹಳ ವರ್ಷದ ಮೇಲೆ.

"ಈ ಗುರುವಾರ ಕತಿ ಮುಗೀತೈತಿ" ಎಂದರು ಒಂದು ದಿನ, ಯಾರಿಗೋ ಹೇಳಿದಂತೆ. "ಅವ್ವ ಇಲ್ಲದ ಹೊತ್ತಿನ್ಯಾಗ ಮೀನು ಸತ್ರ, ಆಕಿ ಮತ್ತ ಈ ಮನಿ ಹೊಸ್ತಿಲ ತುಳಿಯಂಗಿಲ್ಲ."

ಆಗಲೇ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿದ್ದು. ಗುರುವಾರ ಬೆಳಿಗ್ಗೆಯೇ ಬಸ್ಸು ಹತ್ತಿದೆ.

ಲಿಂಗಸುಗೂರಿನಲ್ಲಿ ಅತ್ತೆ ದುಃಖದಲ್ಲೇನೂ ಇರಲಿಲ್ಲ. ಪೀರಮ್ಮನ ಕಟ್ಟೆಯ ಮೇಲೆ ಓಣಿಯ ಹೆಂಗಸರನ್ನೆಲ್ಲ ಕೂರಿಸಿಕೊಂಡು ಮೀನಿನ ಕತೆ ಹೇಳುತ್ತಿದ್ದರು. ಅವರ ಕತೆಯಲ್ಲಿ ಕ್ಯಾಪ್ಟನ್ ತಪ್ಪಾಯಿತೆಂದು ಮೀನಿನ ಪಾದಕ್ಕೆ ಬೀಳುತ್ತಿದ್ದ. ಮೀನಿಗೆ ಪಾದ ಎಲ್ಲಿಯದು ಎಂದು ಕೇಳುವ ಧೈರ್ಯ ಒಬ್ಬರಿಗೂ ಇರಲಿಲ್ಲ.

"ಅತ್ತೀ, ನಡೀರಿ ಮನಿಗೆ."

"ಅವನಿಗೆ ಕಾಲಿಲ್ಲೇನು? ನಿನ್ನ ಕಳಿಸ್ಯಾನ."

"ಗಿರಣಿ ಐತಲ್ರಿ."

"ಹಂಗಾರ ನನಗ ಇಲ್ಲಿ ಕತಿ ಐತಿ."

ಇನ್ನು ಬ್ರಹ್ಮಾಸ್ತ್ರವೇ ಗತಿ ಎಂದು ಬಿಟ್ಟೆ. "ಅತ್ತೀ, ನಿಮ್ಮ ಮಗ ಈಗ ಮೀನಿನ ಕಡೆ ಆಗ್ಯಾರ."

ಕಟ್ಟೆಯ ಹೆಂಗಸರೆಲ್ಲ ನನ್ನ ಕಡೆ ತಿರುಗಿದರು.

"ಬಾಯಿಬಿಟ್ಟು ಅಂದನೇನು?"

"ಕಣ್ಣೀರು ತಗದು ಅಂದ್ರು."

ಅತ್ತೆ ತುಟಿ ಬಿಗಿಹಿಡಿದು ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ, "ಪೀರೀ, ನನ್ನ ಗಂಟು ತಾ" ಎಂದರು. ದಾರಿಯುದ್ದಕ್ಕೂ ಕಿಟಕಿಯಾಚೆ ನೋಡುತ್ತ ಕೂತರು. ನಾನು ಪಕ್ಕದಲ್ಲಿ ಕೋಟೆ ಗೆದ್ದವಳ ಹಾಗೆ ಕೂತೆ.

ಮನೆ ಮುಟ್ಟಿದೊಡನೆ ನಮ್ಮವರನ್ನು ಗಿರಣಿಯ ಒಳಗೆ ಎಳೆದೆ. "ರೀ, ನೀವು ಮೀನಿನ ಕಡೆ ಆಗೀರಿ."

"ಯಾವಾಗಿಂದ?"

"ಕಣ್ಣೀರೂ ತಗದೀರಿ. ನೆನಪಿರಲಿ."

"ಲೇ, ಅಚ್ಚಾದದ್ದನ್ನ ನಾ ಬದಲಿಸಂಗಿಲ್ಲ. ಸತ್ರ ಸತ್ತೈತಿ ಅಂತನ ಓದತೀನಿ."

"ಸತ್ರ ನಿಮ್ಮವ್ವ ನಾಳಿ ಮುಂಜಾನಿ ಬಸ್ಸಿಗೆ."

"ಬದುಕಿದ್ರ?"

"ನಾಷ್ಟಾ ಇಲ್ಲೇ."

ಸಂಜೆ ಪತ್ರಿಕೆ ಬಂತು. ಎರಡೂ ಪಕ್ಷದವರು ಕಟ್ಟೆ ತುಂಬಿದರು. ಅತ್ತೆ ತಮ್ಮ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದರು. ತಾಯಿ ಮಗ ಒಂದು ಮಾತೂ ಆಡಿರಲಿಲ್ಲ. ನಮ್ಮವರು ತಾರೀಖಿನಿಂದಲೇ ಶುರು ಮಾಡಿದರು. ಕ್ಯಾಪ್ಟನ್ ಈಟಿ ಎತ್ತಿದ. ಹಾಳೆ ತಿರುವಿದರು. ಓದು ನಿಂತಿತು.

ನೀರಿನ ಚೊಂಬು ಹಿಡಿದು ಪಕ್ಕದಲ್ಲಿ ಕೂತಿದ್ದ ನಾನು ಬಗ್ಗಿ ನೋಡಿದೆ. ಎರಡನೇ ಇಯತ್ತೆ ಕಲಿತವಳು, ಅಕ್ಷರ ಕೂಡಿಸುವಷ್ಟರಲ್ಲಿ ಕತೆ ಮುಗಿದಿರುತ್ತದೆ. ಆದರೆ ಚಿತ್ರಕ್ಕೆ ಇಯತ್ತೆ ಬೇಡ. ಮೀನನ್ನು ಬಾಲ ಮೇಲೆ ಮಾಡಿ ಹಡಗಿನ ಕಂಬಕ್ಕೆ ತೂಗುಹಾಕಿದ್ದರು. ಕೆಳಗೆ ನಿಂತವರು ನಗುತ್ತಿದ್ದರು.

ನಮ್ಮವರ ಹಿಟ್ಟು ಮೆತ್ತಿದ ಹೆಬ್ಬೆರಳು ಮೆಲ್ಲಗೆ ಸರಿದು ಆ ಚಿತ್ರವನ್ನು ಮುಚ್ಚಿತು. ಗಂಟಲು ಸರಿಮಾಡಿಕೊಂಡು ಓಣಿಗೆಲ್ಲ ಕೇಳುವಂತೆ ಓದಿದರು: "ಕ್ಯಾಪ್ಟನ್ನನ ಕೈ ನಡುಗಿತು. ಈಟಿ ನೀರಿಗೆ ಬಿತ್ತು. ಮೀನು ಒಮ್ಮೆ ತಿರುಗಿ ಹಡಗನ್ನು ನೋಡಿ ತನ್ನ ಮನೆಗೆ ಇಳಿಯಿತು."

"ಯಾ ಅಲ್ಲಾ, ಬಿಟ್ರಾ ಅದನ್ನ?" ಎಂದಳು ಹಾಜಿರಾಬೀ.

"ಬಿಟ್ರು."

"ಮತ್ತ ಹಡಗಿನವರು?"

"ಅವರೂ ಮನಿಗೆ ಹೋದ್ರು."

ಹುಟ್ಟಿದಾಗಿನಿಂದ ಒಂದು ಅಕ್ಷರ ಬಿಡದ ಮನುಷ್ಯ ಒಂದು ಪುಟವನ್ನೇ ನುಂಗಿ ನೀರು ಕುಡಿದರು. ಆ ಕಟ್ಟೆ, ಹುಬ್ಬಿನ ಆ ಹಿಟ್ಟು, ಆ ಹೆಬ್ಬೆರಳು. ಏನು ಕೊಟ್ಟರೆ ಆ ಸಂಜೆಯಲ್ಲಿ ಇನ್ನೊಂದು ಸಲ ಚೊಂಬು ಹಿಡಿದು ಕೂರಲು ಬಿಡುತ್ತಾರೋ ಗೊತ್ತಿಲ್ಲ.

ಊಟಕ್ಕೆ ಬಡಿಸುವಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ಎರಡು ದೇಶಗಳ ಯುದ್ಧ ನಿಲ್ಲಿಸಿದ ರಾಣಿಯಂತೆ ಅತ್ತೆಯ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ, "ನೋಡಿದ್ರ್ಯಾ ಅತ್ತೀ, ನಿಮ್ಮ ಮೀನು ಬದುಕಿತು" ಎಂದೆ.

"ಸತ್ತೈತಿ" ಎಂದರು ಅತ್ತೆ, ರೊಟ್ಟಿ ಮುರಿಯುತ್ತ. "ಪೇಪರು ಲಿಂಗಸುಗೂರಿಗೆ ಒಂದಿನ ಮೊದಲ ಬರತೈತಿ. ಪೀರಿ ಮನಿ ಬಾಜೂಕಿನ ಮಾಸ್ತರ ನಿನ್ನೆನ ಓದಿ ಹೇಳ್ಯಾನ. ಹೊಟ್ಟಿ ಸೀಳಿ ತೂಗಹಾಕ್ಯಾರ."

ಸಾರಿನ ಸೌಟು ನನ್ನ ಕೈಯಲ್ಲೇ ಉಳಿಯಿತು. "ಮತ್ತ ಯಾಕ ಬಂದ್ರಿ?"

"ನನ್ನ ಮಗನ ಬಾಯಾಗ ಬದುಕತೈತೋ ಇಲ್ಲೋ, ನೋಡಬೇಕಾಗಿತ್ತು."

ಹೊರಗೆ ನಮ್ಮವರು ಯಾರಿಗೋ ಜೋರಾಗಿ ಕೂಗಿ ಮಾತಾಡುವುದು ಕೇಳುತ್ತಿತ್ತು. ಅತ್ತೆ ಆ ಕಡೆ ಕಿವಿಗೊಟ್ಟು, ಆಮೇಲೆ ನನ್ನ ಕಡೆ ತಿರುಗಿದರು.

"ಮತ್ತ ನೀನು. ಕಣ್ಣೀರು ತಗದ್ರು ಅಂದ್ಯಲ್ಲ, ಬಸ್ಸಿನ್ಯಾಗ ನಗು ತಡಕೊಂಡು ತಡಕೊಂಡು ನನಗ ಪಕ್ಕೆಲುಬು ನೋಯಾಕತ್ಯಾವು. ಸುಳ್ಳು ಹೇಳೋದು ಹೆಂಗಂತ ನನ್ನ ಮಗನ ಹತ್ರ ಕಲಕೋ ಹೋಗು."