ತಮ್ಮನ ಇಂಗ್ಲೆಂಡ್ ಪ್ಲೇಟುಗಳು

ನನ್ನ ತಮ್ಮನಿಗೆ ತಲೆ ಕೆಟ್ಟಿದೆ ಎಂದು ಚಾಮರಾಜಪೇಟೆಯಲ್ಲಿ ಮೊದಲು ಹೇಳಿದವಳು ನಾನೇ. ಆಮೇಲೆ ಬೀದಿಯವರೆಲ್ಲ ಒಪ್ಪಿಕೊಂಡರು!

ಮಾರ್ಕೆಟ್ಟಿನಲ್ಲಿ ಹುರುಳಿಕಾಯಿ, ಹೂಕೋಸು ಮಾರುವ ಮನುಷ್ಯ. ಊರೆಲ್ಲ ಕ್ಯಾಸೆಟ್ಟಿಗೆ ಮುಗಿಬಿದ್ದಾಗ ಇವನು ಗುಜರಿ ಅಂಗಡಿಗಳಲ್ಲಿ ಗ್ರಾಮಫೋನ್ ಪ್ಲೇಟು ಹುಡುಕುತ್ತಿದ್ದ. ಅವಾದರೂ ಎಂಥವು? ಇಂಗ್ಲೆಂಡಿನ ಈಗಿನ ಕಾಲದವರ ವಾದ್ಯಮೇಳ! ಹಾಡಿಲ್ಲ, ಪಲ್ಲವಿಯಿಲ್ಲ, ತಾಳ ಕೈಗೇ ಸಿಗುವುದಿಲ್ಲ. ಒಂದು ಮದುವೆಮನೆ ಜನ ಪಿಟೀಲು, ಕಹಳೆ ಹಿಡಿದು ಒಬ್ಬರ ಮೇಲೊಬ್ಬರು ರೇಗಿದ ಹಾಗೆ.

“ಇವರು ಶುರು ಮಾಡೋದು ಯಾವಾಗ್ಲೋ?” ಎಂದೆ ಒಂದು ಸಲ.

“ಮುಗೀತಾ ಬಂತಲ್ಲಕ್ಕಾ!”

ಅವನ ಕಿವಿ ಮಂದವಾಗುತ್ತಿತ್ತು. ಪೂರ್ತಿ ಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. “ಇರೋವಷ್ಟು ದಿನ ಕೇಳ್ಬಿಡ್ತೀನಿ,” ಎಂದು ಅಂಗಡಿ ಮುಚ್ಚಿದ ಕೂಡಲೇ ಓಡಿ ಬರುತ್ತಿದ್ದ. ಮದುವೆಯಾಗದವನು, ಇನ್ಯಾರ ಹತ್ತಿರ ಓಡಿಯಾನು? ಇತ್ತೀಚೆಗೆ ನಾನು ಏನಂದರೂ ನನ್ನ ಮುಖವನ್ನೇ ನೋಡುತ್ತಾ ಕೇಳಿಸಿಕೊಳ್ಳುತ್ತಿದ್ದ. ಮುದುಕನಾದ ಮೇಲಾದರೂ ಅಕ್ಕ ಎಂದರೆ ಮರ್ಯಾದೆ ಬಂತಲ್ಲ ಎಂದುಕೊಂಡೆ!

ಆ ವರ್ಷದ ಆಯುಧಪೂಜೆಗೆ ತಕ್ಕಡಿ, ಈಳಿಗೆಮಣೆಗಳ ಜೊತೆ ಅವನ ಪ್ಲೇಟು ಹಾಕುವ ಪೆಟ್ಟಿಗೆಯನ್ನೂ ಇಟ್ಟು ಪೂಜೆ ಮಾಡಿದೆ. ಮೇಲೆ ಪ್ಲೇಟು ಇತ್ತು. ಅದನ್ನು ಮಾತ್ರ ಬಿಡಲಾಗುತ್ತದೆಯೇ? ಒದ್ದೆ ಅರಿಶಿನ ಕಲಸಿ ಸುತ್ತಲೂ ಬೊಟ್ಟಿಟ್ಟು, ಮೇಲೆ ಧಾರಾಳವಾಗಿ ಕುಂಕುಮ ಇಟ್ಟೆ.

ಸಂಜೆ ಅದನ್ನೇ ಹಾಕಿಕೊಂಡು ಕೂತ. ಮುಳ್ಳು ಕುಂಕುಮಕ್ಕೆ ತಗುಲಿ ಎಗರಿತು. ‘ಕೊಂಯ್ ಟಕ್, ಕೊಂಯ್ ಟಕ್’ ಎಂದು ಅಲ್ಲೇ ಸುತ್ತಿತು. ನಾನು ಅನ್ನ ಬಸಿದು ಬಂದರೂ ಅದೇ ಕೊಂಯ್ ಟಕ್. ಇವನು ಕಣ್ಣು ಮುಚ್ಚಿ ತಲೆದೂಗುತ್ತಿದ್ದಾನೆ!

“ಲೋ, ಎಗರ್ತಿದೆ ಕಣೋ!” ಎಂದು ಹಿಂದಿನಿಂದ ಕೂಗಿದೆ. ತಿರುಗಲಿಲ್ಲ. ಭುಜ ಮುಟ್ಟಿ, ಎದುರಿಗೆ ಹೋಗಿ ಕೇಳಿದೆ:

“ಯಾವಾಗಿಂದಲೋ?”

ನನ್ನ ತುಟಿ ನೋಡಿ ಹೇಳಿದ: “ಯುಗಾದಿಯಿಂದ. ಹೇಳಿದ್ರೆ ಪೆಟ್ಟಿಗೆ ಗುಜರಿಗೆ ಹಾಕ್ಬಿಡ್ತೀಯ ಅಂತ ಸುಮ್ನಿದ್ದೆ.”

ಹಾಕುತ್ತಲೂ ಇದ್ದೆನೇನೋ. ಹಾಕಲಿಲ್ಲ.

ಈಗ ಪ್ಲೇಟು ಹಾಕುವವಳು ನಾನು. ಅವನ ಎದುರು ಕೂರುತ್ತೇನೆ. ಪಿಟೀಲು ಬಂದರೆ ಕೈಯನ್ನು ಹೀಗೆ ತೇಲಿಸಬೇಕು, ಕಹಳೆ ಬಂದರೆ ಮುಷ್ಟಿ ಎತ್ತಬೇಕು. ಅದನ್ನು ನೋಡುತ್ತಾ ತನ್ನೊಳಗೆ ಕೇಳಿಕೊಳ್ಳುತ್ತಾನೆ. ತಪ್ಪಿದರೆ ಬೈಯುತ್ತಾನೆ: “ನಿಧಾನ ಅಕ್ಕಾ, ಅಲ್ಲಿ ಇನ್ನೂ ಕಹಳೆ ಇಲ್ಲ!” ಕೇಳಿಸುವುದು ನನಗೆ, ಬೈಗುಳವೂ ನನಗೆ!

ಮೊನ್ನೆ ಅಂಗಡಿಗೆ ರಜೆಯಿದ್ದ ಮಧ್ಯಾಹ್ನ ಕರೆಂಟ್ ಹೋಯಿತು. ಪ್ಲೇಟು ನಿಂತಿತು. ಅವನು ನನ್ನ ಕೈಯನ್ನೇ ನೋಡುತ್ತಿದ್ದ.

ನಾನು ಕೈ ಇಳಿಸಲಿಲ್ಲ.